ಕಂಡವರ ಅಳು

ನಾನು ಅವನನ್ನು ಮೊದಲು ನೋಡಿದಾಗ ಅವನು ವಿಧವೆಯಾಗಿದ್ದ.

ಫಾಲ್ಗುಣದ ಹುಣ್ಣಿಮೆಯ ಸಂಜೆ. ವಿಶ್ವವಿದ್ಯಾಲಯದಲ್ಲಿ ನನ್ನ ಜೊತೆ ಓದುತ್ತಿದ್ದವಳೊಬ್ಬಳು ಕಾಮನ ಹಬ್ಬ ತೋರಿಸುತ್ತೇನೆಂದು ಈ ಓಣಿಗೆ ಕರೆತಂದಿದ್ದಳು. ಓಣಿಯ ಎರಡೂ ಬದಿಗೆ ಮರಗೆಲಸದ ಅಂಗಡಿಗಳು, ಅವುಗಳ ಮೇಲೆ ಮನೆಗಳು. ತುದಿಯ ಖಾಲಿ ಜಾಗದಲ್ಲಿ ರಿಪೇರಿಗೆ ಬಗ್ಗದ ಕುರ್ಚಿ, ಗೆದ್ದಲು ತಿಂದ ಹಲಗೆ, ಬೆನ್ನು ಮುರಿದ ಬೆಂಚುಗಳನ್ನು ಒಟ್ಟಿದ್ದರು. ರಾಶಿಯ ಮೇಲೆ ಮರದ ಹೊಟ್ಟು ತುಂಬಿದ ಕಾಮಣ್ಣ, ಕೈಯಲ್ಲಿ ಹೂ ಸುತ್ತಿದ ಬಿಲ್ಲು. ಕೆಳಗೆ ಒಬ್ಬ ಗಂಡಸು ಬಿಳಿ ಸೀರೆ ಉಟ್ಟು, ತಲೆಗೆ ಸೆರಗು ಹೊದ್ದು, ಕಾಲು ಚಾಚಿ ಕೂತು ಎದೆ ಬಡಿದುಕೊಳ್ಳುತ್ತಿದ್ದ. ಮೀಸೆ ಹಾಗೇ ಇತ್ತು.

"ಅಯ್ಯೋ ನನ್ನ ಯಜಮಾನ್ರೇ! ಹೋಗೋರು ಹೋದ್ರಿ, ನನ್ನ ಚಪ್ಪಲಿ ಯಾಕೆ ಮೆಟ್ಕೊಂಡು ಹೋದ್ರಿ?"

"ಇನ್ನೇನು ತಾಯಿ?" ಎಂದು ಓಣಿಗೆ ಓಣಿಯೇ ಕೇಳಿತು.

"ಒಲೆ ಮೇಲೆ ಹಾಲಿದೆ, ನೋಡ್ಕೊಳ್ರೀ ಅಂದ್ರೆ, ಉಕ್ಕಿ ಒಲೆ ಆರೋವರೆಗೂ ನಿಂತು ನೋಡ್ತಿದ್ರಲ್ಲ! ಇನ್ನು ಯಾರು ನೋಡ್ತಾರೆ?"

"ಇನ್ನೇನು ತಾಯಿ?"

"ಬೆಳಗಿನ ತನಕ ಗರಗಸ ಎಳೆದ ಹಾಗೆ ಗೊರಕೆ! ಈಗ ಮನೆಯಲ್ಲಿ ಸದ್ದೇ ಇಲ್ಲ. ನನಗೆ ನಿದ್ದೆ ಹೇಗೆ ಬರಬೇಕು, ನೀವೇ ಹೇಳಿ!"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನನ್ನ ಪಕ್ಕದಲ್ಲಿದ್ದ ಹೆಂಗಸು ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ನನ್ನ ಅತ್ತೆಯಾದದ್ದು ಅವಳೇ.

ಬೆಂಕಿ ಇಟ್ಟ ಮೇಲೆ ಕಾಮನ ಹೆಂಡತಿ ರತಿಯಾಗಿದ್ದವನು ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ನಮ್ಮ ಹತ್ತಿರ ಬಂದು, ನೀರಿನ ಬಾಟಲಿ ಕೇಳಿದ. ಓದಿದವಳೆಂಬ ಧಿಮಾಕಿನಲ್ಲಿ ನಾನು ಒಂದು ತಪ್ಪು ತೋರಿಸಿದೆ. ಪುರಾಣದಲ್ಲಿ ಮೊದಲು ಬೆಂಕಿ, ಆಮೇಲೆ ಅಳು. ವಸಂತನನ್ನು ಜೊತೆ ಮಾಡಿಕೊಂಡು ಹೋದ ಕಾಮ ತಪಸ್ಸಿಗೆ ಕೂತ ಶಿವನಿಗೆ ಹೂವಿನ ಬಾಣ ಬಿಟ್ಟ, ಶಿವ ಹಣೆಗಣ್ಣು ತೆರೆದ, ಕಾಮ ಬೂದಿಯಾದ. ರತಿ ಅತ್ತದ್ದು ಬೂದಿಯ ಮುಂದೆ. ನಿಮ್ಮಲ್ಲಿ ಇದು ತಿರುಗುಮುರುಗು ಅಲ್ಲವೆ ಎಂದೆ.

ಅವನು ಬಾಟಲಿ ಖಾಲಿ ಮಾಡಿ ಮೀಸೆ ಒರೆಸಿಕೊಂಡ. "ಶಿವ ಕೇಳದೆ ಸುಟ್ಟ. ಅದಕ್ಕೇ ಆಮೇಲೆ ಪಶ್ಚಾತ್ತಾಪ ಪಟ್ಟ. ನಾವು ಹೆಂಡತಿಯನ್ನ ಕೇಳಿ ಸುಡ್ತೀವಿ. ಅವಳು ಇನ್ನೇನಿಲ್ಲ ಅನ್ನೋವರೆಗೂ ಯಾರೂ ಬೆಂಕಿಕಡ್ಡಿ ಗೀರೋ ಹಾಗಿಲ್ಲ."

"ಅವಳು ಅನ್ನದೇ ಇದ್ರೆ?"

"ಅಂತಾಳೆ ಬಿಡಿ. ಹಸಿವಾಗುತ್ತಲ್ಲ."

ಹೀಗೆ ಶುರುವಾಯಿತು.

ಮದುವೆಯಾದ ಮೇಲೆ ಹಬ್ಬದ ಹಿಂದಿನ ವಾರವೆಲ್ಲ ಅವನು ಮನೆಯಲ್ಲಿ ತಾಲೀಮು ಮಾಡುತ್ತಿದ್ದ. ಕಾಮ ನಾನೇ. ಸೋಫಾದ ಮೇಲೆ ಕಣ್ಣು ಮುಚ್ಚಿ ಮಲಗಬೇಕು. ಅವನು ತಲೆದೆಸೆಯಲ್ಲಿ ಕೂತು ಅಳುತ್ತಿದ್ದ. ನನಗೆ ನಗು ತಡೆಯಲಾಗುತ್ತಿರಲಿಲ್ಲ. "ಸತ್ತವರು ನಗಬಾರದು ಕಣೆ, ನನಗೆ ಅಳು ಬರೋದಿಲ್ಲ," ಎನ್ನುತ್ತಿದ್ದ.

ಕಳೆದ ಮಳೆಗಾಲದಲ್ಲಿ ಊಟದ ಮೇಜೊಂದನ್ನು ಗಿರಾಕಿಯ ಮನೆಗೆ ತಲುಪಿಸಿ ಬರುವಾಗ, ನೆನೆದ ರಸ್ತೆಯಲ್ಲಿ, ಅವನ ಗಾಡಿ ಜಾರಿತು. ಅಷ್ಟೇ. ಅದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ನನ್ನದು ಕಿವಿ ಪರೀಕ್ಷೆಯ ಕೆಲಸ. ಗಾಜಿನ ಕಿಟಕಿಯಾಚೆ ಒಂದು ಮುಚ್ಚಿದ ಕೋಣೆಯಲ್ಲಿ ಜನ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾರೆ. ಸದ್ದು ಕೇಳಿದರೆ ಬೆರಳೆತ್ತಬೇಕು. ಕೆಲವರು ನಾನು ಸದ್ದು ಕಳಿಸದಿದ್ದಾಗಲೂ ಬೆರಳೆತ್ತುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಕೇಳಬೇಕು ಎಂದು ಕಾದು ಕೂತ ಕಿವಿಗೆ ಕೇಳಿಸಿಯೇ ಬಿಡುತ್ತದೆ. ಮೊದಲು ನಾನು ಅವರನ್ನು ಗದರುತ್ತಿದ್ದೆ. ಈಗ ಮತ್ತೆ ಮೊದಲಿಂದ ಶುರು ಮಾಡುತ್ತೇನೆ, ಏನೂ ಅನ್ನುವುದಿಲ್ಲ. ಸಂಜೆ ಮನೆಯಲ್ಲಿ ಕೂತಾಗ ನನಗೂ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸುತ್ತಿತ್ತು. ಎರಡು ಮೆಟ್ಟಿಲು ಒಟ್ಟಿಗೆ ಹತ್ತುವ ಹೆಜ್ಜೆ.

ಈಚೆಗೆ ಅದೂ ನಿಂತಿತ್ತು. ಅವನ ಮುಖ ನೆನಪಾಗುತ್ತಿತ್ತು, ಕೈ ನೆನಪಾಗುತ್ತಿತ್ತು. ಧ್ವನಿ ನೆನಪಿಸಿಕೊಳ್ಳಲು ಹೋದರೆ ಮಾತು ಮಾತ್ರ ಬರುತ್ತಿತ್ತು, ಧ್ವನಿ ಇಲ್ಲ. ಫೋನಿನಲ್ಲಿ ಅವನ ಕೆಲವು ಮಾತುಗಳು ಉಳಿದಿವೆ. ಪ್ಲೈವುಡ್ ಎಷ್ಟು ದಪ್ಪದ್ದು, ಹಿಡಿಕೆ ಯಾವ ಬಣ್ಣದ್ದು. ಅದು ಗಿರಾಕಿಗಳ ಜೊತೆಗಿನ ಧ್ವನಿ. ನನಗೆ ಬೇಕಿದ್ದದ್ದು ಸೋಫಾದ ಮೇಲೆ ಸತ್ತು ಮಲಗಿ ಕೇಳಿದ್ದು. ಅದು ಎಲ್ಲೂ ಇರಲಿಲ್ಲ. ರತಿಯ ಅಳುವನ್ನು ಯಾರೂ ಫೋನಿನಲ್ಲಿ ಹಿಡಿಯಬಾರದು, ಅದು ಕಾಮನ ಜೊತೆಗೇ ಉರಿದುಹೋಗಬೇಕು ಎನ್ನುವುದು ಓಣಿಯ ಕಟ್ಟಳೆ. ಅದಕ್ಕೆ ಎಲ್ಲರೂ ತಪ್ಪದೆ ನಡೆದುಕೊಂಡಿದ್ದರು. ನಾನೂ.

ಹಬ್ಬ ಹತ್ತಿರ ಬಂದಾಗ ಪಾಲಿಶ್ ಮಾವ ಮತ್ತು ಲಂಬು ಮನೆಗೆ ಬಂದರು. ಪಾಲಿಶ್ ಮಾವ ಓಣಿಗೆ ಹಿರಿಯರು. ಬೆರಳಿನ ಗೆಣ್ಣುಗಳಲ್ಲಿ ಸೇರಿಕೊಂಡ ಕಂದು ಬಣ್ಣ ಎಷ್ಟು ತೊಳೆದರೂ ಹೋಗುವುದಿಲ್ಲ. ಲಂಬು ನನ್ನ ಗಂಡನ ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದವನು, ಅವನಿಗಿಂತ ಕಿರಿಯ, ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಗೆ ಬರಲಾರ. ಈಗ ಅಂಗಡಿ ಅವನೇ ನೋಡಿಕೊಳ್ಳುತ್ತಾನೆ.

ಪಾಲಿಶ್ ಮಾವ ಅತ್ತೆಯ ಕಡೆಯೂ ನೋಡದೆ, ನನ್ನ ಕಡೆಯೂ ನೋಡದೆ, ಗೋಡೆಯ ಗಡಿಯಾರಕ್ಕೆ ಹೇಳಿದರು. "ಕಾಮನ್ನ ಸುಡದೇ ಇರೋಕಾಗಲ್ಲ, ಹಬ್ಬ ನಿಲ್ಲಿಸಬಾರದು. ಆದ್ರೆ ಈ ವರ್ಷ ಅಳು ಬೇಡ ಅಂತ ಎಲ್ಲರೂ ಮಾತಾಡಿಕೊಂಡ್ವಿ. ಸುಮ್ಮನೆ ಬೆಂಕಿ ಇಟ್ಟು, ಕೈ ಮುಗಿದು ಬರೋದು. ಮಾರನೇ ದಿನ ಬಣ್ಣ ಮಾತ್ರ ಮಕ್ಕಳಿಗೆ."

"ಒಳ್ಳೇದಾಯ್ತು," ಎಂದಳು ಅತ್ತೆ ತಕ್ಷಣ. "ನಾನೇ ಹೇಳಿ ಕಳಿಸೋಣ ಅಂತಿದ್ದೆ."

ನಾನು ಲೋಟಗಳನ್ನು ಇಡುತ್ತಿದ್ದೆ. "ಅಳು ಇರಲಿ," ಎಂದೆ.

ಲಂಬು ಲೋಟವನ್ನು ಬಾಯಿಗೆ ಒಯ್ಯುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದ.

"ಅಮ್ಮಾ, ನಿನ್ನೆದುರಿಗೆ ಯಾರು ಕೂತು ಅಳ್ತಾರೆ?" ಎಂದರು ಪಾಲಿಶ್ ಮಾವ. "ಬಿಳಿ ಸೀರೆ ಉಟ್ಕೊಂಡು, ಗಂಡ ಸತ್ತ ಅಂತ ತಮಾಷೆ ಮಾಡ್ಕೊಂಡು... ಮನುಷ್ಯರು ಮಾಡೋ ಕೆಲಸವಾ ಅದು?"

"ಇಷ್ಟು ವರ್ಷ ಮಾಡಿದ್ರಲ್ಲ."

"ಆಗ ಬೇರೆ."

"ಲಂಬು ಅಳಲಿ," ಎಂದೆ. "ನಾನು ಹೇಳಿಕೊಡ್ತೀನಿ. ನನಗೆಲ್ಲ ಬಾಯಿಗೆ ಬರುತ್ತೆ."

"ನಾನಾ?" ಲಂಬುವಿನ ಗಂಟಲಲ್ಲಿ ನೀರು ಸಿಕ್ಕಿಕೊಂಡಿತು. "ಅತ್ತಿಗೆ, ನನಗೆ ಮದುವೆಯೇ ಆಗಿಲ್ಲ. ವಿಧವೆ ಹೇಗಾಗ್ಲಿ?"

ಅತ್ತೆ ಎದ್ದು ಒಳಗೆ ಹೋದಳು. ಪಾತ್ರೆಗಳು ಅಗತ್ಯಕ್ಕಿಂತ ಜೋರಾಗಿ ಸದ್ದು ಮಾಡಿದವು. ಪಾಲಿಶ್ ಮಾವ ಆ ಕಡೆ ಒಮ್ಮೆ ನೋಡಿ, ನನ್ನ ಕಡೆ ಒಮ್ಮೆ ನೋಡಿ, ನಿಟ್ಟುಸಿರು ಬಿಟ್ಟರು. "ಕೇಳೋಳು ನೀನೇ ಆದ್ರೆ ಬೇಡ ಅನ್ನೋಕೆ ನಾವ್ಯಾರು," ಎಂದರು.

ನನಗೆ ಬೇಕಿದ್ದದ್ದು ಹಬ್ಬವಲ್ಲ. ಆ ಅಳುವನ್ನು ಒಂದು ಸಲ ಕೇಳಿದರೆ, ಅವನು ಅಳುತ್ತಿದ್ದ ಹಾಗೆಯೇ ಯಾರಾದರೂ ಅತ್ತರೆ, ಅದರ ಬೆನ್ನಿಗೆ ಅವನ ಧ್ವನಿ ಬಂದೀತು ಎಂದು ನನ್ನ ಲೆಕ್ಕ. ಇದನ್ನು ಅವರಿಗೆ ಹೇಳಲಿಲ್ಲ.

ಕೆಲಸ ಮುಗಿಸಿ ಬಂದು ದಿನಾ ಅಂಗಡಿಗೆ ಹೋದೆ. ಅವನು ಹೋದ ಮೇಲೆ ನಾನು ಅಲ್ಲಿಗೆ ಕಾಲಿಟ್ಟಿರಲಿಲ್ಲ. ಫೆವಿಕಾಲ್ ವಾಸನೆ, ಹೊಟ್ಟಿನ ವಾಸನೆ, ಎಲ್ಲ ಹಾಗೇ ಇತ್ತು. ಉಳಿಗಳನ್ನು ಲಂಬು ಬೇರೆ ಕ್ರಮದಲ್ಲಿ ಜೋಡಿಸಿದ್ದ. ಕಾಮನಿಗೆ ಬದಲಾಗಿ ಸೋಫಾಕ್ಕೆ ತುಂಬುವ ಫೋಮಿನ ಸುರುಳಿಯೊಂದನ್ನು ಬೆಂಚಿನ ಮೇಲೆ ಮಲಗಿಸಿದ. ಮೂಲೆಯಲ್ಲಿ ಪಾಲಿಶ್ ಮಾವ ಒಂದು ತೊಟ್ಟಿಲ ಕಟ್ಟಿಗೆ ಬಟ್ಟೆಯುಂಡೆಯಿಂದ ಪಾಲಿಶ್ ಹಚ್ಚುತ್ತಾ ಕೂತಿದ್ದರು, ಕೇಳದವರಂತೆ.

"ಶುರು ಮಾಡು," ಎಂದೆ.

"ಅಯ್ಯೋ ನನ್ನ ಯಜಮಾನರೇ," ಎಂದ ಲಂಬು, ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ. "ನೀವು ನಮ್ಮನ್ನೆಲ್ಲ ಅಗಲಿ ಹೋದಿರಿ. ನಿಮ್ಮ ಆತ್ಮಕ್ಕೆ..."

"ಅದು ಎಲ್ಲಿಂದ ಬಂತು?"

"ಹಾಗಲ್ಲ ಅತ್ತಿಗೆ. ಚಪ್ಪಲಿ ಗಿಪ್ಪಲಿ ಅಂತ ನಿಮ್ಮೆದುರಿಗೆ ಹೇಗೆ ಹೇಳೋದು?"

"ನನ್ನ ಕಡೆ ನೋಡಬೇಡ. ಫೋಮ್ ಕಡೆ ನೋಡ್ಕೊಂಡು ಹೇಳು."

ಅವನು ಫೋಮ್ ಕಡೆ ನೋಡಿದ. ನೋಡುತ್ತಾ ನೋಡುತ್ತಾ ದೊಡ್ಡ ಅಂಗೈಯಿಂದ ಮುಖ ಮುಚ್ಚಿಕೊಂಡು ನಿಜವಾಗಿಯೇ ಅತ್ತುಬಿಟ್ಟ. "ಅಣ್ಣ ಇದ್ದಿದ್ರೆ..." ಎಂದ. ನಾನು ಎದ್ದು ನೀರು ತಂದುಕೊಟ್ಟೆ. ನನಗೆ ಅಳು ಬರಲಿಲ್ಲ. ನನ್ನ ಗಂಡ ಹೋದಾಗಿನಿಂದ ಬಂದಿರಲಿಲ್ಲ. ಬರಿಸಲು ಕೆಲವರು ಪ್ರಯತ್ನಿಸಿ, ಬೇಸತ್ತು, ಗಟ್ಟಿಗಿತ್ತಿ ಎಂದು ಹೆಸರಿಟ್ಟು ಬಿಟ್ಟಿದ್ದರು.

"ಇದು ಅಳು ಅಲ್ಲ," ಎಂದೆ. "ಜನ ನಗಬೇಕು."

ಮರುದಿನ ಅವನು ಸುಧಾರಿಸಿದ. ಚಪ್ಪಲಿ ಬಂತು, ಹಾಲು ಬಂತು, ಗೊರಕೆ ಬಂತು. ಪದಗಳೆಲ್ಲ ಸರಿ. ಆದರೆ ಮೊದಲ "ಅಯ್ಯೋ" ಬರಲಿಲ್ಲ. ನನ್ನ ಗಂಡನ ಅಯ್ಯೋ ಎತ್ತರದಿಂದ ಶುರುವಾಗಿ, ನಡುವೆ ಒಂದು ಕಡೆ ತುಸು ನಿಂತು, ಯಾರೋ ಭಾರ ಹೊತ್ತು ಮೆಟ್ಟಿಲಿಳಿದಂತೆ ಇಳಿಯುತ್ತಿತ್ತು. ಲಂಬುವಿನದು ಅಟ್ಟದಿಂದ ಹಲಗೆ ಬಿದ್ದಂತೆ. ಹೇಗೆಂದು ನಾನು ಮಾಡಿ ತೋರಿಸಲು ಹೋದೆ. ನನ್ನ ಗಂಟಲಿನಿಂದ ಸದ್ದೇ ಹೊರಡಲಿಲ್ಲ.

"ಇನ್ನೊಂದ್ಸಲ," ಎಂದೆ.

"ಅತ್ತಿಗೆ, ಈ ಅಯ್ಯೋಗೇ ಹುಣ್ಣಿಮೆ ಬಂದು ಹೋಗುತ್ತೆ."

ಮೂಲೆಯಿಂದ ಪಾಲಿಶ್ ಮಾವ ಹೇಳಿದರು, ಕೈ ನಿಲ್ಲಿಸದೆ. "ಅದು ಅವನಿಗೆ ಬರೋದು. ಇವನಿಗೆ ಬರಲ್ಲ. ಮನೆಯಲ್ಲಿ ಕೇಳಿ ಕಲಿತದ್ದು ಅದು."

"ಯಾರ ಮನೆಯಲ್ಲಿ?"

"ಯಾರ ಮನೆ ಅಂದ್ರೆ? ನಿಮ್ಮದೇ." ಅವರು ಬಟ್ಟೆಯುಂಡೆ ಕೆಳಗಿಟ್ಟರು. "ನಿನಗೆ ಅವನು ಹೇಳಿಲ್ವಾ?"

"ಏನು?"

"ನಿನ್ನ ಮಾವ ತೀರಿಕೊಂಡ ದಿನ ನಿನ್ನತ್ತೆ ಅತ್ತ ಅಳು ಅದು. ಚಪ್ಪಲಿ, ಹಾಲು, ಗೊರಕೆ, ಎಲ್ಲ ಅವಳದೇ. ಒಂದು ಮಾತೂ ಇವನು ಕಟ್ಟಿದ್ದಲ್ಲ. ಆಗ ಅವನು ಇಷ್ಟೆತ್ತರ ಇದ್ದ, ಈ ತೊಟ್ಟಿಲ ಹಿಡಿ ಅಷ್ಟು. ಬಾಗಿಲ ಚೌಕಟ್ಟು ಹಿಡ್ಕೊಂಡು ಕೇಳ್ತಾ ನಿಂತಿದ್ದ. ಯಾರು ಕರೆದರೂ ಕದಲಲಿಲ್ಲ."

ಲಂಬು ಫೋಮಿನ ಸುರುಳಿಯ ಮೇಲಿಂದ ಕೈ ತೆಗೆದ.

"ದೊಡ್ಡವನಾಗಿ ಮೊದಲ ಸಲ ರತಿ ವೇಷ ಹಾಕ್ದಾಗ ಬಾಯಿ ತೆಗೆದದ್ದೇ ಅದು. ನಮಗೆಲ್ಲ ಜೀವ ಹಾರಿಹೋಯ್ತು. ಹಿಂದೆ ತಿರುಗಿ ನಿನ್ನತ್ತೆಯನ್ನ ನೋಡೋಕೆ ಯಾರಿಗೂ ಧೈರ್ಯ ಇಲ್ಲ. ಆಮೇಲೆ ನೋಡಿದ್ರೆ ಅವಳು ಸೆರಗು ಬಾಯಿಗಿಟ್ಕೊಂಡು ನಗ್ತಿದ್ದಾಳೆ."

ಮನೆಗೆ ಬಂದಾಗ ಅತ್ತೆ ಅಡುಗೆಮನೆಯ ನೆಲದ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಅಳು ಇರಲಿ ಎಂದ ದಿನದಿಂದ ಅವಳು ನನ್ನೊಡನೆ ಉಪ್ಪು, ನೀರು, ಬೀಗಗಳ ಬಗ್ಗೆ ಮಾತ್ರ ಮಾತಾಡುತ್ತಿದ್ದಳು. ನಾನು ಎದುರಿಗೆ ಕೂತು ಒಂದು ಹಿಡಿ ಕಾಯಿ ತೆಗೆದುಕೊಂಡೆ.

"ಅತ್ತೆ, ಆ ಅಳು ನಿಮ್ಮದಂತೆ."

ಅವಳ ಬೆರಳು ನಿಲ್ಲಲಿಲ್ಲ. "ಆ ಮುದುಕನಿಗೆ ಬಾಯಲ್ಲೂ ಪಾಲಿಶ್ ಸೋರುತ್ತೆ."

"ಲಂಬುಗೆ ಅಯ್ಯೋ ಬರ್ತಿಲ್ಲ. ನೀವು ಒಂದ್ಸಲ ಹೇಳಿಕೊಡಿ."

"ನನ್ನ ತಲೆ ಹೇಳಿಕೊಡ್ತೀನಿ."

"ನನಗೋಸ್ಕರ."

ಅತ್ತೆ ತಲೆಯೆತ್ತಿದಳು. "ನಿನಗ್ಯಾಕೆ ಅದು? ನಿನ್ನ ಗಂಡ ಗೊರಕೆ ಹೊಡೀತಿದ್ನಾ?"

"ಇಲ್ಲ."

"ನಿನ್ನ ಚಪ್ಪಲಿ ಮೆಟ್ಕೊಂಡು ಹೋಗ್ತಿದ್ನಾ?"

"ಅವನ ಕಾಲಿಗೆ ಹಿಡೀತಿರಲಿಲ್ಲ."

"ಮತ್ತೆ? ಕಂಡವರ ಅಳು ಕಟ್ಕೊಂಡು ನೀನೇನು ಮಾಡ್ತೀಯ? ಅದು ನನ್ನ ಗಂಡನಿಗೆ ಅತ್ತದ್ದು. ಗೊರಕೆ ಹೊಡೆದೋನು ಅವನು. ಹಾಲು ಉಕ್ಕಿಸಿದೋನು ಅವನು."

"ಅವನ ಧ್ವನಿ ಮರೀತಾ ಇದೆ, ಅತ್ತೆ," ಎಂದೆ. ಬಟಾಣಿಯ ಸಿಪ್ಪೆ ಕೈಯಲ್ಲೇ ಇತ್ತು. "ಆ ಅಯ್ಯೋ ಒಂದು ಕೇಳಿದ್ರೆ ಬರುತ್ತೆ ಅನ್ಸುತ್ತೆ. ನಿಮ್ಮ ಗಂಟಲಲ್ಲಿ ಇದೆ ಅದು. ಬೇರೆ ಯಾರ ಹತ್ರವೂ ಇಲ್ಲ."

ಅವಳು ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಬೆನ್ನನ್ನು ಗೋಡೆಗೆ ಆನಿಸಿ, ಕಣ್ಣು ಮುಚ್ಚಿದಳು. ಕತ್ತಿನ ನರ ಬಿಗಿಯಾದದ್ದು ಕಂಡಿತು. ಬಾಯಿ ತೆರೆದಳು. ಏನೋ ಬಂತು, ಅದು ಕೆಮ್ಮೂ ಅಲ್ಲ, ನಗುವೂ ಅಲ್ಲ.

"ಬರಲ್ಲ," ಎಂದಳು ಕಣ್ಣು ತೆರೆದು. "ಇದ್ದಿದ್ರೆ ಕೊಡ್ತಿದ್ದೆ ಕಣೆ, ನಿನಗೆ ಇಲ್ಲ ಅಂತಿದ್ದೆನಾ? ನನ್ನ ಮಗ ಅದನ್ನ ವರ್ಷ ವರ್ಷ ಅತ್ತು ಅತ್ತು ನಗು ಮಾಡಿಟ್ಟ. ಅದಕ್ಕೇ ನಾನು ಅವನನ್ನ ತಡೆಯದೆ ಬಿಟ್ಟದ್ದು. ಮೊದಲನೇ ಸಲ ಕೇಳ್ದಾಗ ಕಪಾಳಕ್ಕೆ ಬಿಗಿಯೋಣ ಅನ್ಸಿತ್ತು. ಆಮೇಲೆ ನೋಡಿದ್ರೆ, ಅಷ್ಟು ವರ್ಷ ಎದೆ ಮೇಲೆ ಕೂತಿದ್ದ ಕಲ್ಲನ್ನ ಎಲ್ಲರೂ ಸೇರಿ ಉರುಳಿಸ್ತಿದ್ದಾರೆ. ನಗದೆ ಏನ್ಮಾಡಲಿ?" ಅವಳು ಮೂಗು ಒರೆಸಿಕೊಂಡಳು. "ಈಗ ಅವನೂ ಹೋದ. ಈಗ ಅದು ನನಗೆ ಅಳುವಾಗಿಯೂ ಬರಲ್ಲ, ನಗುವಾಗಿಯೂ ಬರಲ್ಲ. ಅದಕ್ಕೇ ಬೇಡ ಅಂದೆ. ನಿನ್ನ ಮೇಲೆ ಕೋಪಕ್ಕಲ್ಲ."

ಕುಕ್ಕರ್ ಕೂಗಿತು. ಯಾರೂ ಏಳಲಿಲ್ಲ.

ನನಗೆ ಕೊನೆಯ ಬಾಗಿಲೂ ಮುಚ್ಚಿದ ಹಾಗಾಯಿತು. ಶಿವ ರತಿಗೆ ಕೊಟ್ಟ ವರ ನೆನಪಾಯಿತು. ಕಾಮ ಬದುಕುತ್ತಾನೆ, ಆದರೆ ಮೈಯಿಲ್ಲದೆ. ನಿನ್ನ ಕಣ್ಣಿಗೆ ಮಾತ್ರ ಕಾಣುತ್ತಾನೆ. ಓದುವಾಗ ಇದನ್ನು ಚೆಲುವಾದ ಕಲ್ಪನೆ ಎಂದುಕೊಂಡಿದ್ದೆ. ಪ್ರತಿ ವಸಂತದಲ್ಲೂ ಮಾವು ಚಿಗುರಿದಾಗ, ಗಾಳಿ ಬೆಚ್ಚಗಾದಾಗ, ಯಾರಿಗೂ ಕಾಣದವನು ಎಲ್ಲ ಕಡೆ ಓಡಾಡುತ್ತಾನೆ ಎಂದು. ರತಿಯನ್ನು ಯಾರೂ ಕೇಳಿದಂತಿಲ್ಲ. ಹೀಗೆ ಸಾಕೇ ನಿನಗೆ, ಎಂದು.

"ಏನು ಯೋಚನೆ?" ಎಂದಳು ಅತ್ತೆ.

"ಏನಿಲ್ಲ."

"ಅವನು ನಿನಗೆ ಏನು ಕಾಟ ಕೊಡ್ತಿದ್ದ, ಹೇಳು."

"ಏನೂ ಇಲ್ಲ. ಒಳ್ಳೆಯವನು."

"ಥೂ! ಒಳ್ಳೆಯವನು ಅಂತೆ. ಹೆತ್ತವಳು ನಾನು, ನನಗೇ ಹೇಳ್ತೀಯಾ? ಒಳ್ಳೆಯವನು ಅಂತ ಯಾರಾದ್ರೂ ಅಳ್ತಾರೇನೇ? ಒಳ್ಳೆಯವರಿಗೆ ಫೋಟೋ ಹಾಕ್ತಾರೆ. ಕಾಟ ಕೊಟ್ಟೋರಿಗೆ ಅಳೋದು. ಹೇಳು."

ನಾನು ಯೋಚಿಸಿದೆ. "ಮಂಚ," ಎಂದೆ.

"ಯಾವ ಮಂಚ?"

"ನಮ್ಮ ಮಂಚದ ಒಂದು ಕಾಲು ಗಿಡ್ಡ. ಊರಿಗೆಲ್ಲ ಮಂಚ ಮಾಡಿಕೊಟ್ಟ. ನಮ್ಮದಕ್ಕೆ ರಟ್ಟು ಮಡಚಿ ಇಟ್ಟ. ಭಾನುವಾರ ಸರಿ ಮಾಡ್ತೀನಿ, ಭಾನುವಾರ ಸರಿ ಮಾಡ್ತೀನಿ ಅಂತ."

"ಅವರಪ್ಪನ ತಂದೆಯೂ ಹಾಗೇ ಇದ್ದನಂತೆ. ಇನ್ನೇನು?"

"ಪೆನ್ಸಿಲ್. ಕಿವಿ ಮೇಲೆ ಇಟ್ಕೊಂಡು ಮನೆಯೆಲ್ಲ ಹುಡುಕ್ತಿದ್ದ. ಹೇಳಿದ್ರೆ, ನೀನು ಕಿವಿ ಡಾಕ್ಟರು, ನಿನಗೇ ಮೊದಲು ಕಾಣೋದು, ಅಂತಿದ್ದ."

ಅತ್ತೆಯ ಭುಜ ಕುಲುಕಿತು. "ಇನ್ನೇನು?"

"ನನ್ನ ಹೆಡ್‌ಫೋನ್ ಹಾಕ್ಕೊಂಡು ರಂಧ್ರ ಕೊರೆಯೋ ಮೆಷಿನ್ ಓಡಿಸ್ತಿದ್ದ. ಆಸ್ಪತ್ರೆಯ ಹೆಡ್‌ಫೋನ್! ಒಳಗೆಲ್ಲ ಹೊಟ್ಟು. ಒಂದ್ಸಲ ಒಬ್ಬ ಹಿರಿಯರಿಗೆ ಹಾಕಿದೆ, ತೆಗೆದಾಗ ಕಿವಿಯೆಲ್ಲ ತೇಗದ ಪುಡಿ. ಅವರು ಹೆದರಿ, ನನ್ನ ತಲೆಗೆ ಗೆದ್ದಲು ಹಿಡಿದಿದೆಯೇನಮ್ಮ ಅಂದ್ರು."

ಅತ್ತೆ ನಕ್ಕಳು. ಬಟಾಣಿಯ ಬಟ್ಟಲು ಮಗುಚಿ ಕಾಳೆಲ್ಲ ನೆಲದ ಮೇಲೆ ಓಡಿದವು. ನಾವಿಬ್ಬರೂ ಮಂಡಿಯೂರಿ ಕಾಳು ಹೆಕ್ಕುತ್ತಾ, ಕಪಾಟಿನ ಕೆಳಗೆ ಕೈ ತೂರಿಸುತ್ತಾ, ಅವನನ್ನು ಬೈದೆವು. ನಾನು ಹೇಳಿದ್ದಕ್ಕೆ ಅವಳೊಂದು ಸೇರಿಸಿದಳು, ಅವಳು ಹೇಳಿದ್ದಕ್ಕೆ ನಾನೊಂದು. ಅವನ ಧ್ವನಿ ಬರಲಿಲ್ಲ. ಆದರೆ ಹೊತ್ತು ಹೋದದ್ದು ತಿಳಿಯಲಿಲ್ಲ.

ಮಾರನೆಯ ಸಂಜೆ ಲಂಬುವಿಗೆ ಹೊಸ ಮಾತುಗಳನ್ನು ಕೊಟ್ಟೆ. ಮಂಚ, ಪೆನ್ಸಿಲ್, ಹೆಡ್‌ಫೋನ್. ಅವನು ತಾನೂ ಒಂದು ಕೊಡಲೇ ಎಂದು ಕೇಳಿ, ಅಣ್ಣ ಅಳತೆ ತೆಗೆಯುವಾಗಲೆಲ್ಲ ಟೇಪಿನ ಇನ್ನೊಂದು ತುದಿಯನ್ನು ತನ್ನ ಕೈಯಲ್ಲಿ ಕೊಟ್ಟು, ಮರೆತು, ಟೀ ಕುಡಿಯಲು ಹೊರಟುಹೋಗುತ್ತಿದ್ದ ಕತೆ ಹೇಳಿದ. ಅಯ್ಯೋ ಹೇಗೆ ಹೇಳಲಿ ಎಂದು ಕೇಳಿದ. ನಿನಗೆ ಬಂದ ಹಾಗೆ ಹೇಳು ಎಂದೆ.

ಹುಣ್ಣಿಮೆಯ ದಿನ ಚಂದ್ರ ಗೋದಾಮಿನ ಛಾವಣಿಯ ಹಿಂದಿನಿಂದ ಏಳುವಾಗ ಓಣಿಯ ಜನವೆಲ್ಲ ಸೇರಿದ್ದರು. ಬರುವುದಿಲ್ಲ ಎಂದಿದ್ದ ಅತ್ತೆ ನನಗಿಂತ ಮೊದಲೇ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಳು. ನಮ್ಮನ್ನು ನೋಡಿ ಹೆಂಗಸರು ಸರಿದು ಮುಂದೆ ಜಾಗ ಬಿಟ್ಟರು. ಅದು ಮರ್ಯಾದೆಯೋ, ಹತ್ತಿರ ನಿಲ್ಲಲು ಅಂಜಿಕೆಯೋ ನನಗೆ ಗೊತ್ತಾಗಲಿಲ್ಲ.

ಲಂಬುವಿಗೆ ಬಿಳಿ ಸೀರೆ ಮೊಣಕಾಲ ಕೆಳಗೆ ಗೇಣುದ್ದವೂ ಬಂದಿರಲಿಲ್ಲ. "ರತಿ ಏಣಿ ಹತ್ತಿ ನಿಂತಿದ್ದಾಳೇನ್ರೋ?" ಎಂದು ಯಾರೋ ಹಿಂದಿನಿಂದ ಕೂಗಿದರು, ಪಕ್ಕದವರು ಶ್ ಎಂದರು. ಜನ ನನ್ನ ಮುಖ ನೋಡುತ್ತಿದ್ದರು. ಲಂಬು ಕೂತ. ಕಾಮನ ಕಡೆ ನೋಡಿದ.

"ಅಯ್ಯೋ ನನ್ನ ಯಜಮಾನ್ರೇ!" ಹಲಗೆ ಬಿತ್ತು. "ಊರಿಗೆಲ್ಲ ಮಂಚ ಮಾಡಿ, ನಮ್ಮ ಮಂಚಕ್ಕೆ ರಟ್ಟು ಕೊಟ್ರಲ್ಲ! ಬರೋ ಭಾನುವಾರ ಬರೋ ಭಾನುವಾರ ಅಂದ್ರಿ, ಯಾವ ಭಾನುವಾರ ಅಂತ ಹೇಳದೇ ಹೋದ್ರಲ್ಲ!"

ಯಾರೂ ಇನ್ನೇನು ಎನ್ನಲಿಲ್ಲ. ಇದು ಹಳೆಯ ಅಳು ಅಲ್ಲ, ಯಾರ ಅಳು ಎಂದು ಎಲ್ಲರಿಗೂ ತಿಳಿಯಿತು. ಆಗ ನನಗೆ ನಗು ಬಂತು. ಸಣ್ಣದೇ. ಅದು ಸಾಕಾಯಿತು.

"ಇನ್ನೇನು ತಾಯಿ?"

ಪೆನ್ಸಿಲ್ ಬಂತು. ಹೆಡ್‌ಫೋನ್ ಬಂತು, ಗೆದ್ದಲಿನ ಮಾತಿಗೆ ಪಾಲಿಶ್ ಮಾವ ಕೋಲಿಗೆ ಬಾಗಿ ಕೆಮ್ಮುವಷ್ಟು ನಕ್ಕರು. ಅಳತೆ ಟೇಪಿನ ತುದಿ ಹಿಡಿದು ನಿಂತ ರತಿ ಬಂದಳು. "ಅವನೇ! ಥೇಟ್ ಅವನೇ!" ಎಂದು ಯಾರೋ ಕೂಗಿದರು. ನಾನು ಕಿವಿಗೊಟ್ಟು ಕೇಳಿದೆ. ಲಂಬುವಿನ ದಪ್ಪ ಧ್ವನಿಯ ಹಿಂದೆ ಬೇರೆ ಯಾವ ಧ್ವನಿಯೂ ಇರಲಿಲ್ಲ. ಅಲ್ಲಿದ್ದದ್ದು ರಟ್ಟು, ಪೆನ್ಸಿಲ್, ಹೊಟ್ಟು. ಅವನ ಕೈ ಮುಟ್ಟಿದ್ದೆಲ್ಲ ಇತ್ತು, ಅವನಿರಲಿಲ್ಲ.

"ಇನ್ನೇನು ತಾಯಿ?"

ಮಾತು ಮುಗಿದಿತ್ತು. ಈಗ ಇನ್ನೇನಿಲ್ಲ ಎನ್ನಬೇಕು. ಪಾಲಿಶ್ ಮಾವ ಬೆಂಕಿಪೆಟ್ಟಿಗೆ ತೆಗೆದು ಕಡ್ಡಿ ಹಿಡಿದರು. ಲಂಬು ಬಾಯಿ ತೆರೆದು, ಮುಚ್ಚಿ, ನನ್ನ ಕಡೆ ತಿರುಗಿದ. ಆ ಒಂದು ಮಾತು ಹೇಳಲು ಅವನಿಗೆ ಮನಸ್ಸು ಬರುತ್ತಿಲ್ಲ ಎಂದು ಕಂಡಿತು. ಇಡೀ ಓಣಿ ನನ್ನ ಕಡೆ ನೋಡಿತು. ಹೇಳುವುದು ಸುಲಭ. ಎಲ್ಲರಿಗೂ ಮನೆಗೆ ಹೋಗಬೇಕು, ಬೆಳಿಗ್ಗೆ ಮಕ್ಕಳಿಗೆ ಬಣ್ಣ ಕಲಸಬೇಕು.

"ನೀನು ಫೋನ್ ಮಾಡಿದ್ದೆ," ಎಂದೆ.

ನನ್ನ ಧ್ವನಿ ಅಷ್ಟು ಜೋರಾಗಿ ಬರುತ್ತದೆಂದು ನಾನು ಎಣಿಸಿರಲಿಲ್ಲ. ರತಿ ಗಂಡನನ್ನು ನೀವು ಎನ್ನುತ್ತಾಳೆ. ನಾನು ಎಂದೂ ಹಾಗೆ ಅಂದವಳಲ್ಲ.

"ಮೇಜು ಇಳಿಸಿ ಆಯ್ತು, ಬಂದೇಬಿಟ್ಟೆ ಅಂದೆ. ತಟ್ಟೆ ಹಾಕು ಅಂದೆ. ನಾನು ಹಾಕಿದೆ. ಬಂದೇಬಿಟ್ಟೆ ಅಂದೋನು ಎಲ್ಲಿದ್ದೀಯ?"

ಯಾರೂ ನಗಲಿಲ್ಲ. ನಗುವಂಥದ್ದೇನೂ ಅದರಲ್ಲಿರಲಿಲ್ಲ. ಇನ್ನೇನು ಎಂದು ಯಾರೂ ಕೇಳದಿದ್ದರೆ ಅಳು ಅಲ್ಲಿಗೆ ನಿಲ್ಲುತ್ತದೆ, ಮುಂದಕ್ಕೆ ಹೋಗಲು ದಾರಿಯಿಲ್ಲ. ಹೆಂಗಸರು ನೆಲ ನೋಡಿದರು. ಲಂಬು ಸೆರಗಿನಿಂದ ಮುಖ ಮುಚ್ಚಿಕೊಂಡ. ಪಾಲಿಶ್ ಮಾವನ ಕೈಯಲ್ಲಿ ಕಡ್ಡಿ ಹಾಗೇ ಇತ್ತು. ನನ್ನ ಕೆನ್ನೆಯ ಮೇಲೆ ಏನೋ ಬಿಸಿ ಹರಿಯುತ್ತಿತ್ತು, ಅದೇನೆಂದು ತಿಳಿಯಲು ನನಗೆ ತುಸು ಹೊತ್ತು ಹಿಡಿಯಿತು.

ಅತ್ತೆ ನನ್ನ ಮೊಣಕೈ ಹಿಡಿದಳು.

"ಇನ್ನೇನು ತಾಯಿ?" ಎಂದಳು. ಒಬ್ಬಳೇ, ಒಡೆದ ಧ್ವನಿಯಲ್ಲಿ.

"ತಟ್ಟೆ ಮುಚ್ಚಿಟ್ಟಿದ್ದೆ," ಎಂದೆ. "ಆರಿ ಹೋಗುತ್ತೆ ಅಂತ."

"ಇನ್ನೇನು ತಾಯಿ?" ಈ ಸಲ ಅವಳ ಜೊತೆ ಇನ್ನೂ ಕೆಲವರಿದ್ದರು.

ನಾನು ಹೇಳುತ್ತಾ ಹೋದೆ. ಪಾಲಿಶ್ ಮಾವ ಕಡ್ಡಿಯನ್ನು ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು ಜೇಬಿಗಿಳಿಸಿ, ಸುಡಲು ತಂದಿದ್ದ ಮುರುಕು ಕುರ್ಚಿಯೊಂದನ್ನು ರಾಶಿಯಿಂದ ಎಳೆದುಕೊಂಡು ಅದರ ಮೇಲೆ ಕೂತರು.